ಫೋನ್‌ಪೇ ಮಾಡಲಾಗದ ಅರ್ಧ ಗಂಟೆ

ದಾನ ಮಾಡೋದು ಈಗ ಎಷ್ಟು ಸುಲಭ ನೋಡಿ. ವಾಟ್ಸ್‌ಆ್ಯಪ್‌ನಲ್ಲಿ ಯಾರದೋ ಆಸ್ಪತ್ರೆ ಬಿಲ್ಲಿನ ಫೋಟೊ ಬರುತ್ತೆ, ಕೆಳಗೊಂದು ಕ್ಯೂಆರ್ ಕೋಡ್. ಸ್ಕ್ಯಾನ್ ಮಾಡಿ 500 ರೂಪಾಯಿ ಹಾಕಿದರೆ ಮುಗೀತು. ಮೆಟ್ರೊ ಮುಂದಿನ ಸ್ಟೇಷನ್ ತಲುಪುವಷ್ಟರಲ್ಲಿ ಒಂದು ಒಳ್ಳೆ ಕೆಲಸ ಆಗಿರುತ್ತೆ. ಇದನ್ನು ನಾನು ಹಗುರವಾಗಿ ನೋಡ್ತಿಲ್ಲ, ಆ ದುಡ್ಡಲ್ಲಿ ಯಾರದೋ ಮನೆಗೆ ಔಷಧಿ ಬರುತ್ತೆ. ಆದರೆ ನಾನು ಸೇರಿರುವ ಒಂದು ಸಭೆಯಲ್ಲಿ ಈ ದಾರಿ ಸಾಲದು. ಅಲ್ಲಿ ಸಹಾಯ ಮಾಡಬೇಕಾದರೆ ಮನೆಗೇ ಹೋಗಬೇಕು, ಇಬ್ಬರು ಹೋಗಬೇಕು, ಹೋಗಿ ಕೂರಬೇಕು.

ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್, ಕನ್ನಡ ಕಥೋಲಿಕ ಕುಟುಂಬದವನು. ನಮ್ಮ ಚರ್ಚಿನಲ್ಲಿ ಸಂತ ವಿನ್ಸೆಂಟ್ ದೆ ಪಾಲ್ ಸಭೆ ಅಂತ ಒಂದಿದೆ. ಎಲ್ಲರೂ ಚುಟುಕಾಗಿ ಎಸ್‌ವಿಪಿ ಅಂತಾರೆ. ಭಾನುವಾರ ಬೆಳಗಿನ ಪೂಜೆ ಮುಗಿದ ಮೇಲೆ ಹತ್ತು ಹನ್ನೆರಡು ಜನ ಒಂದು ಕೋಣೆಯಲ್ಲಿ ಸೇರ್ತೀವಿ. ಬ್ಯಾಂಕಿನಿಂದ ನಿವೃತ್ತರಾದವರು, ಒಬ್ಬರು ಟೀಚರ್, ಒಬ್ಬರು ನರ್ಸ್, ಒಬ್ಬರು ಆಟೊ ಓಡಿಸುವವರು. ಎಲ್ಲರಿಗಿಂತ ಚಿಕ್ಕವನು ನಾನೇ.

ತಮಾಷೆ ಅಂದರೆ, ಈ ಸಭೆ ಶುರುವಾಗಿದ್ದೇ ಹುಡುಗರಿಂದ. 1833ರಲ್ಲಿ, ಪ್ಯಾರಿಸ್‌ನಲ್ಲಿ. ಅವರಲ್ಲಿ ಮುಖ್ಯರಾದವರು ಕಾನೂನು ಓದುತ್ತಿದ್ದ ಫ್ರೆಡೆರಿಕ್ ಓಜಾನಾಂ. ಆಗ ಅವರಿಗೆ ಬರೀ 20 ವರ್ಷ. ಅದರ ಹಿಂದಿನ ವರ್ಷವಷ್ಟೇ ಕಾಲರಾ ಬಂದು ಪ್ಯಾರಿಸ್‌ನ ಬಡ ಕೇರಿಗಳು ತತ್ತರಿಸಿದ್ದವು. ವಿದ್ಯಾರ್ಥಿಗಳ ಚರ್ಚಾಕೂಟದಲ್ಲಿ ಒಬ್ಬ ಎದ್ದು ಕೇಳಿದನಂತೆ, ನಿಮ್ಮ ಧರ್ಮ ಹಿಂದೆ ಒಳ್ಳೇದು ಮಾಡಿರಬಹುದು, ಈಗ ಬಡವರಿಗೆ ನೀವೇನು ಮಾಡ್ತಿದ್ದೀರಿ ಅಂತ. ಅದು ಮಾತಿನಲ್ಲಿ ಉತ್ತರಿಸೋ ಪ್ರಶ್ನೆ ಆಗಿರಲಿಲ್ಲ. ಹುಡುಗರು ರೊಸಾಲಿ ರಾಂದ್ಯು ಎಂಬ ಸಿಸ್ಟರ್ ಹತ್ತಿರ ಹೋದರು. ಅವರು ಬಡವರ ಕೇರಿಯಲ್ಲೇ ವರ್ಷಗಟ್ಟಲೆ ಇದ್ದು ಕೆಲಸ ಮಾಡಿದವರು. ಯಾವ ಮನೆಗೆ ಹೋಗಬೇಕು, ಹೋದರೆ ಹೇಗೆ ನಡೆದುಕೊಳ್ಳಬೇಕು ಅಂತ ಈ ಹುಡುಗರಿಗೆ ಹೇಳಿಕೊಟ್ಟದ್ದು ಅವರೇ.

ಓಜಾನಾಂ ಪಾದ್ರಿ ಆಗಲಿಲ್ಲ. ಸೊರ್ಬಾನ್‌ನಲ್ಲಿ ಪ್ರೊಫೆಸರ್ ಆದರು, ಮದುವೆಯಾದರು, ಒಬ್ಬಳು ಮಗಳು ಹುಟ್ಟಿದಳು. 1853ರಲ್ಲಿ, 40ನೇ ವಯಸ್ಸಿಗೇ ತೀರಿಕೊಂಡರು. 1997ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅವರನ್ನು ಪುನೀತರೆಂದು ಘೋಷಿಸಿದರು. ಸಂತ ಪದವಿಗೆ ಅದು ಒಂದು ಮೆಟ್ಟಿಲು ಕೆಳಗೆ. ಮನೆ, ಸಂಸಾರ, ಕೆಲಸದ ಒತ್ತಡ ಎಲ್ಲ ಇದ್ದ ಮನುಷ್ಯ ಅನ್ನೋದೇ ನನಗೆ ಅವರಲ್ಲಿ ಇಷ್ಟವಾಗೋದು.

ಸಭೆಯ ಪದ್ಧತಿಗಳು ಈಗಲೂ ಹಾಗೇ ಇವೆ. ಪ್ರಾರ್ಥನೆ, ಹೋದ ವಾರದ ಭೇಟಿಗಳ ವರದಿ, ಲೆಕ್ಕ. ಆಮೇಲೆ ಒಂದು ಬಟ್ಟೆ ಚೀಲ ಸುತ್ತು ಬರುತ್ತೆ. ಪ್ರತಿಯೊಬ್ಬರೂ ಮುಷ್ಟಿ ಮುಚ್ಚಿ ಒಳಗೆ ಕೈ ಹಾಕಿ ತೆಗೀತಾರೆ. ಯಾರು ಎಷ್ಟು ಹಾಕಿದರು ಅಂತ ಪಕ್ಕದವರಿಗೂ ಗೊತ್ತಾಗಲ್ಲ. ಹಾಕೋಕೆ ಏನೂ ಇಲ್ಲದವರ ಕೈಯೂ ಒಳಗೆ ಹೋಗಿ ಬರುತ್ತೆ. ರಸೀತಿ, ಫೋಟೊ, ಸ್ಟೇಟಸ್ ಯಾವುದೂ ಇಲ್ಲ. ಭೇಟಿ ಕೊಟ್ಟ ಮನೆಯ ಸಂಗತಿ ಹೊರಗೆ ಆಡುವಂತಿಲ್ಲ. ಅದಕ್ಕೇ ಹೆಸರು, ಏರಿಯಾ ಎರಡನ್ನೂ ಬಿಟ್ಟು ಹೇಳ್ತೀನಿ.

ನನಗೆ ಸಿಕ್ಕಿದ ಜೊತೆಗಾರರು ಆಟೊ ಓಡಿಸುವ ಅಂಕಲ್. ನಮ್ಮ ಪಾಲಿನ ಮನೆ ಒಬ್ಬ ಅಜ್ಜಿಯದು. ಕೊಳ್ಳೇಗಾಲದ ಕಡೆಯವರು, ಮೂವತ್ತು ವರ್ಷ ಮನೆಮನೆಯಲ್ಲಿ ಪಾತ್ರೆ ತಿಕ್ಕಿದವರು. ಮಗ ತೀರಿಹೋದ ಮೇಲೆ ಸೊಸೆ ತವರಿಗೆ ಹೋದರು. ಓದು ನಿಲ್ಲಬಾರದು ಅಂತ ಮೊಮ್ಮಗಳು ಅಜ್ಜಿ ಹತ್ತಿರವೇ ಉಳಿದಳು. ಹತ್ತಡಿ ಕೋಣೆ, ಗೋಡೆಯಲ್ಲಿ ಮಾದಪ್ಪನ ಫೋಟೊ, ಮುಂದೆ ದೀಪ.

ಮೊದಲ ಭೇಟಿಯಲ್ಲೇ ಅಜ್ಜಿ ಕಾಫಿಗೆ ಇಟ್ಟರು. ಮನೆಯಲ್ಲಿದ್ದ ಹಾಲು ಅಷ್ಟೇ ಅಂತ ಪಾತ್ರೆ ನೋಡಿದರೆ ಗೊತ್ತಾಗ್ತಿತ್ತು. ಬೇಡ ಅಂತ ನಾನು ಬಾಯಿ ತೆರೆಯುವಷ್ಟರಲ್ಲಿ ಅಂಕಲ್ ಲೋಟ ತಗೊಂಡು "ಸಕ್ಕರೆ ಸ್ವಲ್ಪ ಕಮ್ಮಿ ಇರಲಿ ಅಮ್ಮ" ಅಂದರು. ಹೊರಗೆ ಬಂದ ಮೇಲೆ ನನಗೆ ಹೇಳಿದರು: "ಕೊಡೋದು ಆಮೇಲೆ ಕಣಪ್ಪ. ಮೊದ್ಲು ಅವ್ರು ಕೊಟ್ಟಿದ್ದು ತಗೋಬೇಕು."

ಕಾಫಿ ಕುಡಿಯುತ್ತಾ ಕೂತಿದ್ದರಿಂದಲೇ ನಾಲ್ಕನೇ ಭೇಟಿಯಲ್ಲಿ ಒಂದು ವಿಷಯ ಹೊರಗೆ ಬಂತು. ಎರಡು ತಿಂಗಳಿಂದ ಅವರಿಗೆ ರೇಷನ್ ಅಕ್ಕಿ ಸಿಕ್ಕಿರಲಿಲ್ಲ. "ಮಿಸನ್ನು ನನ್ ಬೆಳ್ಳ ಒಪ್ತಾ ಇಲ್ಲ ಮಗ" ಅಂತ ಅಂಗೈ ತೋರಿಸಿದರು. ಸೋಪು, ಸಬೀನ ಹಿಡಿದು ಹಿಡಿದು ಬೆರಳ ತುದಿಯ ಗೆರೆಗಳು ಸವೆದೇ ಹೋಗಿದ್ದವು. ಓಟಿಪಿ ತರಿಸೋಣ ಅಂದರೆ ಆಧಾರ್‌ಗೆ ಜೋಡಿಸಿದ್ದ ನಂಬರು ತೀರಿಹೋದ ಮಗನದು, ಸಿಮ್ ಯಾವತ್ತೋ ಬಂದ್ ಆಗಿತ್ತು. ಮೊಮ್ಮಗಳ ಹೆಸರು ಇನ್ನೂ ಊರಿನ ಕಾರ್ಡಿನಲ್ಲೇ ಇತ್ತು.

ನಮ್ಮ ಆಫೀಸಿನ ಭಾಷೆಯಲ್ಲಿ ಇಂಥದ್ದಕ್ಕೆ ಎಡ್ಜ್ ಕೇಸ್ ಅಂತೀವಿ. ಲಕ್ಷಾಂತರ ಜನರಿಗೆ ಸರಿಯಾಗಿ ನಡೆಯುವ ಸಿಸ್ಟಮ್ಮಿನ ಅಂಚಿನಲ್ಲಿ ಉಳಿದುಹೋಗುವ ಒಬ್ಬರು. ಟಿಕೆಟ್ ಹಾಕಿ, ಆದ್ಯತೆ ಕಮ್ಮಿ ಅಂತ ಬರೆದು ಮುಂದೆ ಹೋಗ್ತೀವಿ. ಎಸ್‌ವಿಪಿಯ ಇಡೀ ಕೆಲಸವೇ ಎಡ್ಜ್ ಕೇಸ್‌ಗಳ ಮನೆಗೆ ಹೋಗಿ ಕೂರೋದು. ನಾನು ಅರ್ಧ ದಿನ ರಜೆ ಹಾಕಿ ಅಜ್ಜಿಯನ್ನು ಆಧಾರ್ ಕೇಂದ್ರಕ್ಕೆ ಕರೆದುಕೊಂಡು ಹೋದೆ. ಬೆರಳು ಒರೆಸಿ, ಒತ್ತಿ, ಮತ್ತೆ ಒತ್ತಿ, ಕೊನೆಗೂ ಅಚ್ಚು ಬಂತು. ಮೊಮ್ಮಗಳ ನಂಬರು ಜೋಡಿಸಿದೆವು. ಮುಂದಿನ ತಿಂಗಳು ಅಕ್ಕಿ ಬಂತು.

ಎಲ್ಲ ಕಥೆಯೂ ಹೀಗೆ ಮುಗಿಯಲ್ಲ. ಆ ಜೂನ್‌ನಲ್ಲಿ ಸಭೆಯ ಕೈಯಲ್ಲಿ ಇದ್ದದ್ದು 14,000 ರೂಪಾಯಿ. ಮೊಮ್ಮಗಳ ಪಿಯುಸಿ ಫೀಸು 11,000. ಕಟ್ಟದಿದ್ದರೆ ಅವಳು ಗಾರ್ಮೆಂಟ್ಸ್‌ಗೆ ಹೋಗುವವಳು. ಅದೇ ವಾರ ಇನ್ನೊಂದು ಮನೆ ಎದುರಿಗಿತ್ತು: ಗಾರೆ ಕೆಲಸದವರು, ಬಿದ್ದು ಕಾಲು ಮುರಿದಿತ್ತು, ಬಾಡಿಗೆ ಬಾಕಿ 18,000. ಒಂದೂವರೆ ಗಂಟೆ ಮಾತಾಡಿದೆವು. ಫೀಸು ಪೂರ್ತಿ ಕಟ್ಟೋದು, ಉಳಿದ 3,000 ಬಾಡಿಗೆಗೆ ಕೊಡೋದು, ಬಾಕಿಗೆ ಮನೆ ಓನರ್ ಹತ್ತಿರ ಸಮಯ ಕೇಳೋದು ಅಂತ ಆಯ್ತು. ಮೂರು ವಾರದ ನಂತರ ಹೋದರೆ ಆ ಮನೆಗೆ ಬೀಗ. ಊರಿಗೆ ಹೋದರು ಅಂತ ಪಕ್ಕದವರು ಹೇಳಿದರು. ಫೋನ್ ಸ್ವಿಚ್ಡ್ ಆಫ್. ಅವತ್ತಿನ ಲೆಕ್ಕ ಸರಿಯಾಗೇ ಇತ್ತು. ಸರಿಯಾದ ಲೆಕ್ಕದ ಹೊರಗೂ ಜನ ಉಳೀತಾರೆ.

ಆಫೀಸಿನಲ್ಲಿ ಒಬ್ಬ ಗೆಳೆಯ ನೇರವಾಗಿ ಕೇಳಿದ್ದ, "ಇದೆಲ್ಲ ಮತಾಂತರಕ್ಕಾ?" ಅಂತ. ಕೇಳಿದ್ದು ಒಳ್ಳೇದೇ ಆಯ್ತು. ಪೋಪ್ ಹದಿನಾರನೇ ಬೆನೆಡಿಕ್ಟ್ 2005ರ ತಮ್ಮ ವಿಶ್ವಪತ್ರದಲ್ಲಿ ಇದನ್ನು ಸ್ಪಷ್ಟವಾಗಿ ಬರೆದಿದ್ದಾರೆ: ಪ್ರೀತಿಗೆ ಬೆಲೆ ಕಟ್ಟುವಂತಿಲ್ಲ, ಅದನ್ನು ಬೇರೆ ಉದ್ದೇಶಕ್ಕೆ ಸಾಧನ ಮಾಡಿಕೊಳ್ಳುವಂತಿಲ್ಲ ಅಂತ. ಅಜ್ಜಿಯ ಮನೆಯಲ್ಲಿ ಮಾದಪ್ಪ ಇದ್ದ ಜಾಗದಲ್ಲೇ ಇದ್ದಾನೆ. ಅಕ್ಕಿ ಬಂದ ದಿನ "ಮಾದಪ್ಪನೇ ನಿಮ್ಮನ್ನ ಕಳಿಸ್ದ" ಅಂದರು ಅಜ್ಜಿ. ಅಂಕಲ್ ನಗುತ್ತಾ ತಲೆ ಆಡಿಸಿದರು.

ಹಾಗಾದರೆ ಇದರಲ್ಲಿ ನನ್ನ ವಿಶ್ವಾಸ ಎಲ್ಲಿದೆ? ಮತ್ತಾಯನ ಶುಭಸಂದೇಶದ 25ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಕಡೆಯ ತೀರ್ಪಿನ ಬಗ್ಗೆ ಹೇಳ್ತಾರೆ. ಅಲ್ಲಿ ಕೇಳೋದು ಹಸಿದವರಿಗೆ ಊಟ ಹಾಕಿದಿರಾ, ರೋಗಿಯನ್ನು ನೋಡಲು ಹೋದಿರಾ ಅನ್ನೋದನ್ನು. ಅವರಿಗೆ ಮಾಡಿದ್ದು ತಮಗೇ ಮಾಡಿದ್ದು ಅಂತಾರೆ. ಅಂದರೆ ನನ್ನ ಮಟ್ಟಿಗೆ, ಭಾನುವಾರ ಬೆಳಿಗ್ಗೆ ಪರಮಪ್ರಸಾದ ಸ್ವೀಕರಿಸುವುದೂ, ಸಂಜೆ ಅಜ್ಜಿಯ ಕೈಯಿಂದ ಕಾಫಿ ಲೋಟ ತಗೊಳ್ಳುವುದೂ ಬೇರೆ ಬೇರೆ ಅಲ್ಲ. ಮೊದಲನೆಯದು ನಿಜ ಆಗಬೇಕಾದರೆ ಎರಡನೆಯದೂ ನಡೀಬೇಕು.

ನಿಮ್ಮ ನಂಬಿಕೆ ಯಾವುದೇ ಇರಲಿ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡೋದನ್ನ ನಿಲ್ಲಿಸಬೇಡಿ. ಜೊತೆಗೆ ತಿಂಗಳಲ್ಲಿ ಒಂದು ಅರ್ಧ ಗಂಟೆ ಒಂದು ಮನೆಗೆ ಕೊಡಿ. ಸಾಧ್ಯವಾದರೆ ಇನ್ನೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಕೈಯಲ್ಲಿ ಏನಾದರೂ ಇರಲೇಬೇಕು ಅಂತಿಲ್ಲ. ಅವರು ಕಾಫಿ ಕೊಟ್ಟರೆ ಬೇಡ ಅನ್ನಬೇಡಿ.

ಮೊಮ್ಮಗಳು ಈಗ ದ್ವಿತೀಯ ಪಿಯುಸಿ, ಕಾಮರ್ಸ್. ಆ ಗಾರೆ ಕೆಲಸದವರ ಹೆಸರನ್ನು ನಮ್ಮ ಪುಸ್ತಕದಲ್ಲಿ ಇನ್ನೂ ಹೊಡೆದುಹಾಕಿಲ್ಲ. ಪ್ರತಿ ಭಾನುವಾರ ಪ್ರಾರ್ಥನೆಯಲ್ಲಿ ಅದನ್ನೂ ಓದ್ತೀವಿ. ತಿಂಗಳಿಗೊಮ್ಮೆ ಅಂಕಲ್ ಆ ನಂಬರಿಗೆ ಫೋನ್ ಮಾಡಿ ನೋಡ್ತಾರೆ.