42 ಕಿಲೋಮೀಟರ್ ಮತ್ತು ಒಂದು ಚಿಟಿಕೆ ಉಪ್ಪು

ಅಮೀರ್‌ಪೇಟ್‌ನಲ್ಲಿ ಇದ್ದುಕೊಂಡು ದೂರದ ಓಟ ಓಡ್ತೀನಿ ಅಂದ್ರೆ ಹೈದರಾಬಾದಿನವರೇ ನಗ್ತಾರೆ. ಇಲ್ಲಿನ ಫುಟ್‌ಪಾತಿನ ಮೇಲೆ ಅರ್ಧ ಬೈಕುಗಳು, ಇನ್ನರ್ಧ ಕೋಚಿಂಗ್ ಸೆಂಟರುಗಳ ಪಾಂಪ್ಲೆಟ್ ಹಂಚುವ ಹುಡುಗರು. ಸಂಜೆ ಮೈತ್ರಿವನಂ ಹತ್ತಿರ ನಡೆಯೋದೇ ಕಷ್ಟ, ಇನ್ನು ಓಡೋದೆಲ್ಲಿ ಬಂತು! 1997ರಲ್ಲಿ ಬೀದರಿನಿಂದ ಬಂದು ರೂಮು ಮಾಡಿದಾಗಿನಿಂದ ನೋಡ್ತಾ ಇದ್ದೀನಿ. ಬೋರ್ಡುಗಳ ಮೇಲಿನ ಕೋರ್ಸುಗಳ ಹೆಸರು ಬದಲಾದವು, 2017ರ ನವೆಂಬರಿನಲ್ಲಿ ತಲೆ ಮೇಲೆ ಮೆಟ್ರೋ ಬಂತು, ಜನಸಂದಣಿ ಮಾತ್ರ ಹಾಗೇ ಇದೆ.

ಆದರೆ ಬೆಳಗಿನ ನಾಲ್ಕೂವರೆಗೆ ಎದ್ದು ನೋಡಿ, ಇದು ಬೇರೆಯೇ ಊರು. ರಾತ್ರಿ ಬಸ್ಸಿನಿಂದ ಇಳಿದು ಬ್ಯಾಗು ಹೊತ್ತು ಹಾಸ್ಟೆಲ್ ಹುಡುಕುವ ಮಕ್ಕಳು, ಹಾಲಿನ ಕ್ರೇಟು ಇಳಿಸುವವರು, ನಾಲ್ಕು ನಾಯಿ, ನಾನು. ಪಂಜಾಗುಟ್ಟ, ಸೋಮಾಜಿಗುಡ, ರಾಜಭವನ ರಸ್ತೆ ಹಿಡಿದು ನೆಕ್ಲೆಸ್ ರೋಡಿಗೆ ಬಂದರೆ ಹುಸೇನ್ ಸಾಗರ. ಆ ಹೊತ್ತಿಗೆ ನೀರಿನ ಮಧ್ಯೆ ಬುದ್ಧನ ಮೂರ್ತಿ ಇನ್ನೂ ಕಪ್ಪು ನೆರಳು. 1992ರಲ್ಲಿ ನಿಲ್ಲಿಸಿದ ಆ ಬುದ್ಧನನ್ನು ಬಸ್ಸಿನ ಕಿಟಕಿಯಿಂದ ಎಷ್ಟು ಸಲ ನೋಡಿದ್ದೆನೋ. ಈ ಊರಿನ ಏರು ಇಳಿತ ಕಾಲಿಗೆ ಗೊತ್ತಾಗಿದ್ದು ಮಾತ್ರ ಓಡಲು ಶುರುಮಾಡಿದ ಮೇಲೆ. ಬಂಜಾರಾ ಹಿಲ್ಸ್, ಜೂಬಿಲಿ ಹಿಲ್ಸ್ ಅಂತ ಹೆಸರಿನಲ್ಲೇ ಗುಡ್ಡ ಇದ್ದರೂ ಆಟೋದಲ್ಲಿ ಕೂತವನಿಗೆ ಅದೆಲ್ಲಿ ತಿಳಿಯಬೇಕು?

ಶುರುವಾಗಿದ್ದು 2016ರಲ್ಲಿ, ಒಂದು ರಕ್ತಪರೀಕ್ಷೆಯಿಂದ. ಎಚ್‌ಬಿಎ1ಸಿ 6.3 ಬಂದಿತ್ತು. ಮೂರು ತಿಂಗಳ ಸಕ್ಕರೆಯ ಸರಾಸರಿ ಲೆಕ್ಕ ಅದು. 5.7ರಿಂದ 6.4ರವರೆಗೆ ಗಡಿ, 6.5 ದಾಟಿದರೆ ಸಕ್ಕರೆ ಕಾಯಿಲೆ. ನನಗಾಗ 44. ನಮ್ಮಪ್ಪನಿಗೂ ಸಕ್ಕರೆ ಇತ್ತು. 52ನೇ ವಯಸ್ಸಿಗೆ ಪಾರ್ಶ್ವವಾಯು ಹೊಡೆದು, ಮುಂದಿನ ಒಂಬತ್ತು ವರ್ಷ ಬಲಗೈ ಎತ್ತಲಾಗದೆ ಮಂಚದ ಮೇಲೇ ಕಳೆದರು. ರಿಪೋರ್ಟು ಹಿಡಿದು ಮನೆಗೆ ಬರುವಾಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಲೆಕ್ಕ: 52ಕ್ಕೆ ಇನ್ನು ಎಂಟು ವರ್ಷ.

ಮೊದಲು ಕೆಬಿಆರ್ ಪಾರ್ಕಿನ ಸುತ್ತ ನಡಿಗೆ, ಆಮೇಲೆ ಒಂದು ಕಂಬ ಓಟ, ಒಂದು ಕಂಬ ನಡಿಗೆ. ಹೈದರಾಬಾದ್ ರನ್ನರ್ಸ್ ಅನ್ನೋ ಗುಂಪು ಇಲ್ಲಿ 2007ರಿಂದ ಇದೆ. ಅವರ ಜೊತೆ ಸೇರಿ ಭಾನುವಾರದ ಉದ್ದ ಓಟ ಕಲಿತೆ. ಊರಿಗೆ ಹೋದಾಗ ಬೀದರ್ ಕೋಟೆ ಸುತ್ತ ಓಡಿ ಬಂದರೆ ಅವ್ವ ಕಟ್ಟೆ ಮೇಲೆ ಕೂತು ಕೇಳೋದು, "ಯಾರು ಬೆನ್ನ ಹತ್ಯಾರೋ ತಮ್ಮಾ, ಹಂಗ ಓಡ್ತಿ?" ಅವ್ವನಿಗೆ 52ರ ಲೆಕ್ಕ ಹೇಳಲಿಲ್ಲ.

ನಮ್ಮವರಲ್ಲಿ ಓಟಗಾರರಿಲ್ಲ ಅಂತ ಅಂದುಕೊಳ್ಳಬೇಡಿ. 1920ರ ಆ್ಯಂಟ್‌ವರ್ಪ್ ಒಲಿಂಪಿಕ್ಸಿಗೆ ದೊರಾಬ್ಜಿ ಟಾಟಾ ಮುತುವರ್ಜಿ ವಹಿಸಿ ಕಳಿಸಿದ ತಂಡದಲ್ಲಿ ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆ ಇದ್ದರು. ಅಲ್ಲಿನ ಮ್ಯಾರಥಾನ್ ಈಗಿನ 42.195 ಕಿಲೋಮೀಟರ್ ಅಲ್ಲ, 42.75. ಚೌಗುಲೆಯವರು ಅದನ್ನು 2 ಗಂಟೆ 50 ನಿಮಿಷ ಚಿಲ್ಲರೆಯಲ್ಲಿ ಮುಗಿಸಿ 19ನೆಯವರಾಗಿ ಬಂದರು. ಜೆಲ್ ಇಲ್ಲ, ಜಿಪಿಎಸ್ ವಾಚಿಲ್ಲ, ಮೆತ್ತನೆ ಸೋಲಿನ ಶೂ ಇಲ್ಲ. ಅಷ್ಟು ಹೊತ್ತಿನಲ್ಲಿ ನಾನು 23, 24 ಕಿಲೋಮೀಟರಿನಲ್ಲಿ ಇರ್ತೀನಿ :-)

ಹೈದರಾಬಾದ್ ಮ್ಯಾರಥಾನ್ ನಡೆಯೋದು ಆಗಸ್ಟಿನಲ್ಲಿ. ಬಿಸಿಲಿಗಿಂತ ಆಗಿನ ಸೆಕೆ ಕೆಟ್ಟದ್ದು. ಗಾಳಿಯಲ್ಲೇ ತೇವ ತುಂಬಿರುವಾಗ ಮೈಬೆವರು ಆರೋದಿಲ್ಲ. ಬೆವರು ಆರದಿದ್ದರೆ ಮೈ ತಣ್ಣಗಾಗೋದಿಲ್ಲ. ಬಾಯಾರಿಕೆ ಅಂತ ಬರೀ ನೀರನ್ನೇ ಕುಡಿಯುತ್ತಾ ಹೋದರೆ ರಕ್ತದಲ್ಲಿ ಉಪ್ಪು ಇಳಿಯುತ್ತದೆ, ಅದು ಜೀವಕ್ಕೇ ಅಪಾಯ. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ 488 ಮಂದಿಯ ರಕ್ತ ಪರೀಕ್ಷಿಸಿದಾಗ ಶೇಕಡಾ 13 ಜನರಲ್ಲಿ ಸೋಡಿಯಂ ಕಡಿಮೆ ಇತ್ತಂತೆ. ಅದನ್ನು ಓದಿದ ಮೇಲೆ ನನ್ನ ಸೊಂಟದ ಬಾಟಲಿಗೆ ನೀರಿನ ಜೊತೆ ಉಪ್ಪು, ಸಕ್ಕರೆ, ಲಿಂಬೆಹಣ್ಣು ಬಿತ್ತು. ಓಟ ಮುಗಿದ ಮೇಲೆ ಉಪ್ಪು ಹಾಕಿದ ಮಜ್ಜಿಗೆ.

2023ರ ಆಗಸ್ಟ್ 27. ನನಗೆ 51. ಪೀಪಲ್ಸ್ ಪ್ಲಾಜಾದಿಂದ ಕತ್ತಲಲ್ಲೇ ಹೊರಟೆವು, ಗುರಿ ಗಚ್ಚಿಬೌಲಿ ಸ್ಟೇಡಿಯಂ. ದುರ್ಗಂ ಚೆರುವಿನ ಕೇಬಲ್ ಸೇತುವೆ ದಾಟುವ ತನಕ ಹಾಡು ಗುನುಗುತ್ತಿದ್ದೆ. 30 ದಾಟಿದ ಮೇಲೆ ಕಾಲು ಭಾರವಾಗೋದು ಎಲ್ಲರಿಗೂ ಇದ್ದದ್ದೇ. ಮೈಯಲ್ಲಿ ಕೂಡಿಟ್ಟ ಸಕ್ಕರೆ ಅಲ್ಲಿಗೆ ಮುಗಿಯುತ್ತಾ ಬಂದಿರುತ್ತದೆ. ಆದರೆ 34ರ ಹತ್ತಿರ ಆಗಿದ್ದು ಬೇರೆ. ಆ ಸೆಕೆಯಲ್ಲಿ ಮೈಗೆ ಚಳಿ ಹತ್ತಿತು. ತೋಳಿನ ಮೇಲೆ ಮುಳ್ಳೆದ್ದವು, ರಸ್ತೆ ಸ್ವಲ್ಪ ಓಲಾಡಿತು.

ನೀರಿನ ಮೇಜು ಹಿಡಿದು ನಿಂತೆ. ಬಾಯಿಂದ "ಅಯ್ಯೋ ಅವ್ವಾ" ಅಂತ ಬಂದಿರಬೇಕು. ಗ್ಲಾಸು ಕೊಡುತ್ತಿದ್ದ ಹುಡುಗ, "ಸರ, ನೀವು ಕನ್ನಡದವ್ರಾ?" ಅಂದ. ರಾಯಚೂರಿನವನು. ನಮ್ಮ ಅಮೀರ್‌ಪೇಟ್‌ನಲ್ಲೇ ಹಾಸ್ಟೆಲಿನಲ್ಲಿದ್ದು ಯಾವುದೋ ಕೋರ್ಸು ಮಾಡುತ್ತಿದ್ದನಂತೆ. ನನ್ನ ಮುಖ ನೋಡಿ ಕುರ್ಚಿ ಎಳೆದ. "ಕೂಡ್ರಿ ಸರ. ಮುಂದಿನ ವರ್ಷಾನೂ ಓಟ ಇರ್ತದ, ನೀವೂ ಇರಬೇಕಲ್ರೀ."

ಉಳಿದಿದ್ದು ಎಂಟು ಕಿಲೋಮೀಟರ್. ಏಳು ತಿಂಗಳ ತಯಾರಿ. ಪಕ್ಕದಲ್ಲಿ ನನಗಿಂತ ವಯಸ್ಸಾದವರು ಕುಂಟುತ್ತಾ ಮುಂದೆ ಹೋಗುತ್ತಿದ್ದರು. ಅಪ್ಪನಿಗೂ ಹಿಂದಿನ ದಿನ ಕೈ ಜೋಮು ಹಿಡಿದಿತ್ತು. ಕೆಲಸ ಮುಗಿಸಿ ನೋಡೋಣ ಅಂದಿದ್ದರು. ನಾನು ಕೂತೆ. ಹುಡುಗ ಕತ್ತಿಗೆ ಒದ್ದೆ ಬಟ್ಟೆ ಹಾಕಿದ, ಓಆರ್‌ಎಸ್ ಕಲಸಿ ಕೊಟ್ಟ. ಆಂಬುಲೆನ್ಸಿನವರು ಬಿಪಿ ನೋಡಿ, ಮಲಗಿಸಿ, ಮುಕ್ಕಾಲು ಗಂಟೆ ಬಿಟ್ಟು ಕಳಿಸಿದರು. ಮೆಡಲಿಲ್ಲದೆ ಮೆಟ್ರೋ ಹತ್ತಿ ಮನೆಗೆ ಬಂದೆ. ಹೆಂಡತಿ ಬಾಗಿಲು ತೆಗೆದು, "ಬಂದ್ರಲ್ಲ, ಸಾಕ್ ಬಿಡ್ರಿ" ಅಂದಳು.

ಆಮೇಲೆ ಒಂದಿಷ್ಟು ಬದಲಾಯಿಸಿದೆ. ವಾಚು ತೋರಿಸುವ ವೇಗದ ಬದಲು ಉಸಿರು ನೋಡಿ ಓಡುವುದು, ಎಂಟು ನಿಮಿಷ ಓಟ, ಎರಡು ನಿಮಿಷ ನಡಿಗೆ. ಮೇ ತಿಂಗಳಿಂದಲೇ ವಾರಕ್ಕೊಂದು ದಿನ ಬಿಸಿಲೇರಿದ ಮೇಲೆ ಸಣ್ಣ ಓಟ, ಸೆಕೆಗೆ ಮೈ ಒಗ್ಗಲಿ ಅಂತ. 2024ರ ಆಗಸ್ಟ್ 25ಕ್ಕೆ, 52ನೇ ವಯಸ್ಸಿನಲ್ಲಿ, ಐದು ಗಂಟೆ ನಲವತ್ತು ನಿಮಿಷಕ್ಕೆ ಸ್ಟೇಡಿಯಂ ಒಳಗೆ ಬಂದೆ. ನನ್ನ ಹಿಂದೆ ಹೆಚ್ಚು ಜನ ಇರಲಿಲ್ಲ. ಪರವಾಗಿಲ್ಲ.

ದಸರೆಗೆ ಬೀದರಿಗೆ ಹೋದಾಗ ಮೆಡಲನ್ನು ಅವ್ವನ ಕೈಗಿಟ್ಟೆ. ತಿರುಗಿಸಿ ಮುರುಗಿಸಿ ನೋಡಿ, "ಎಷ್ಟು ದೂರ ಓಡಿದಿ?" ಅಂದಳು.

"ಹೆಚ್ಚುಕಮ್ಮಿ ಇಲ್ಲಿಂದ ಭಾಲ್ಕಿ ತನಕ, ಅವ್ವಾ."

"ಭಾಲ್ಕಿಗಿ ತಾಸಿಗೊಂದು ಬಸ್ ಅದಾವಲ್ಲೋ," ಅಂದಳು ಅವ್ವ.