ಬಾಗಿಲು ಪೂರ್ತಿ ಎತ್ತಿದ ಮೇಲೆ

ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯ ಗಜನಿಯಲ್ಲಿ ನಮ್ಮ ಮಾವನದು ಸ್ವಲ್ಪ ಗದ್ದೆ. ಮಳೆಗಾಲದಲ್ಲಿ ಉಪ್ಪು ತಾಳುವ ಕಗ್ಗ ಭತ್ತ, ಆಮೇಲೆ ಸಿಗಡಿ, ಮೀನು. ಗದ್ದೆಗೂ ಹೊಳೆಗೂ ನಡುವೆ ಕಟ್ಟೆ. ಕಟ್ಟೆಯಲ್ಲಿ ಹಲಗೆಯ ಬಾಗಿಲು, ಜಂತ್ರಡಿ. ಇಳಿತದಲ್ಲಿ ಹಲಗೆ ಎತ್ತಿ ಮಳೆನೀರು ಬಿಡಬೇಕು, ಭರತ ಏರುವ ಮೊದಲು ಇಳಿಸಬೇಕು. ಒಂದು ಭರತದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಹೊತ್ತು ದಿನಾ ಜರುಗುತ್ತದೆ; ಎಷ್ಟೋ ಸಲ ಅದು ನಡುರಾತ್ರಿ.

ಮಾವನಿಗೆ ಈಗ ಮಂಡಿನೋವು. ಮಕ್ಕಳು ಊರಲ್ಲಿಲ್ಲ. "ತಮಾ, ನೀ ಓದೂದು ಇಂಥದ್ದೇ ಅಲ್ದಾ? ತನ್ನಷ್ಟಕ್ಕೆ ಏಳೂ ಹಲಗೆ ಒಂದು ಮಾಡು" ಅಂದರು. ಕಂಟ್ರೋಲ್ ಸಿಸ್ಟಮ್ಸ್ ಓದುತ್ತಿದ್ದ ನಾನು ಕೊನೆಯ ವರ್ಷದ ಪ್ರಾಜೆಕ್ಟಿಗೆ ಅದನ್ನೇ ಹಿಡಿದೆ.

ಎರಡು ತೊಟ್ಟಿ, ನಡುವೆ ಮೋಟಾರಿನ ಬಾಗಿಲು. ಒಂದು ಗದ್ದೆ, ಇನ್ನೊಂದು ಹೊಳೆ; ಹೊಳೆಯ ನೀರಿಗೆ ಶಾಯಿ ಬೆರೆಸಿದ್ದೆ. ಗದ್ದೆಯ ಮಟ್ಟ ಇಳಿದು ಸಾಕಷ್ಟು ಹೊತ್ತಾದರೂ ಬಾಗಿಲು ಮುಚ್ಚಲಿಲ್ಲ. ಶಾಯಿ ಒಳಗೆ ಬಂತು.

ಮೋಟಾರು ಸರಿಯಿತ್ತು. ತಪ್ಪು ಇದ್ದದ್ದು ಇಂಟಿಗ್ರೇಟರಿನಲ್ಲಿ. ಅದು ಬಾಕಿ ಕೂಡಿಡುವ ಲೆಕ್ಕಿಗ: ನೀರು ಒಂದು ಸೆಂಟಿಮೀಟರ್ ಹೆಚ್ಚಿದ್ದರೆ ನಿಮಿಷಕ್ಕೆ ಒಂದರಂತೆ ಬಾಗಿಲು ಎತ್ತಲು ಹೇಳುತ್ತದೆ ಅಂದುಕೊಳ್ಳಿ. 20 ಸೆಂಟಿಮೀಟರ್ ಹೆಚ್ಚು ನೀರು 30 ನಿಮಿಷ ನಿಂತರೆ ಲೆಕ್ಕ 600. ಆದರೆ ಬಾಗಿಲು ಏಳುವುದು 100ರವರೆಗೆ ಮಾತ್ರ. ಈ ಮಿತಿಗೇ ಸ್ಯಾಚುರೇಷನ್ ಅನ್ನುವುದು. ಉಳಿದ 500 ಕಾಗದದ ಮೇಲಿನ ಬಾಕಿ. ಆಮೇಲೆ ನೀರು ಬೇಕಾದ್ದಕ್ಕಿಂತ 5 ಸೆಂಟಿಮೀಟರ್ ಕೆಳಗಿಳಿದರೂ ನಿಮಿಷಕ್ಕೆ ಐದರಂತೆ ಆ ಬಾಕಿ ತೀರಲು 100 ನಿಮಿಷ. ಅಷ್ಟು ಹೊತ್ತೂ ಬಾಗಿಲು ಪೂರ್ತಿ ತೆರೆದೇ ಇರುತ್ತದೆ. ಇದು ವೈಂಡಪ್. ಗಜನಿಯಲ್ಲಿ ಆ 100 ನಿಮಿಷದೊಳಗೆ ಭರತ ತಿರುಗಿದರೆ ಗದ್ದೆಗೆ ಉಪ್ಪುನೀರು. ಕಗ್ಗ ಉಪ್ಪು ತಾಳುತ್ತದೆ ನಿಜ, ಆದರೆ ಅದಕ್ಕೂ ಒಂದು ಮಿತಿ ಇದೆ.

ಪರಿಹಾರದ ಹೆಸರು ಆಂಟಿ-ವೈಂಡಪ್. ಸುಲಭದ ದಾರಿ, ಬಾಗಿಲು ಪೂರ್ತಿ ಎದ್ದ ಮೇಲೆ ಕೂಡುವುದನ್ನು ನಿಲ್ಲಿಸುವುದು. ಇನ್ನೊಂದು ಬ್ಯಾಕ್-ಕ್ಯಾಲ್ಕ್ಯುಲೇಷನ್: ಕೇಳಿದ್ದು 120, ಎದ್ದದ್ದು 100 ಆದರೆ ವ್ಯತ್ಯಾಸದ 20ನ್ನು ಲೆಕ್ಕಿಗನಿಗೆ ಹಿಂದಿರುಗಿಸಿ, ಅದರ ಒಂದು ಪಾಲನ್ನು ಆಗಾಗ ಬಾಕಿಯಲ್ಲಿ ಕಳೆಯುವುದು. ಇದರಿಂದ ಬಾಗಿಲೇನೂ ದೊಡ್ಡದಾಗುವುದಿಲ್ಲ, ಮಳೆಯೂ ಕಡಿಮೆಯಾಗುವುದಿಲ್ಲ. ಬಾಗಿಲಿನ ಮಿತಿ ಲೆಕ್ಕಕ್ಕೆ ಗೊತ್ತಾಗುತ್ತದೆ, ಅಷ್ಟೆ.

ಎರಡನೆಯದನ್ನು ಹಾಕಿದೆ. ನೀರು ಇಳಿಯುತ್ತಲೇ ಬಾಗಿಲು ಕೆಳಗೆ ಬಂತು. ರಜೆಯಲ್ಲಿ ತೊಟ್ಟಿಗಳನ್ನು ಊರಿಗೆ ಒಯ್ದು ಮಾವನಿಗೆ ತೋರಿಸಿದೆ. ಬಾಕಿಯ ಕತೆ ಕೇಳಿ ನಕ್ಕರು. "ಹಲಗೆ ಪೂರ್ತಿ ಎತ್ತಾದ್ಮೇಲೆ ನಾವು ಎಂತ ಲೆಕ್ಕ ಇಡ್ತ್ರು? ಕಟ್ಟೆ ಮೇಲೆ ಕೂತು ಹೊಳೆ ನೋಡೂದು." ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: "ನಿನ್ನ ಮಿಶನ್ನು ಗದ್ದೆ ನೀರು ನೋಡ್ತದೆ. ಹೊಳೆ ನೀರು ನೋಡೂದ್ಯಾರು?"

ನನ್ನಲ್ಲಿ ಉತ್ತರವಿರಲಿಲ್ಲ. ಒಳಗಿನ ಮಟ್ಟವೊಂದನ್ನೇ ಅಳೆಯುವ ಯಂತ್ರಕ್ಕೆ, ಗದ್ದೆ ತುಂಬಿದ್ದು ಮಳೆಯಿಂದಲೋ ಭರತದಿಂದಲೋ ತಿಳಿಯದು. ಹೊರಗೆ ನೀರು ಎತ್ತರವಿರುವಾಗಲೂ ಅದು ಬಾಗಿಲು ಎತ್ತೀತು. ಆಂಟಿ-ವೈಂಡಪ್ ಅದನ್ನು ತಡೆಯುವುದಿಲ್ಲ.

ಪ್ರಾಜೆಕ್ಟಿಗೆ ಒಳ್ಳೆಯ ಅಂಕ ಬಂತು. ಹೊಳೆಯ ಕಡೆಗೂ ಒಂದು ಫ್ಲೋಟ್ ಕೂರಿಸುವ ಕೆಲಸ ಇನ್ನೂ ಮುಗಿದಿಲ್ಲ. ಈ ಮಳೆಗಾಲದಲ್ಲೂ ಮಾವ ಟಾರ್ಚ್ ಹಿಡಿದು ರಾತ್ರಿ ಕಟ್ಟೆಗೆ ಹೋಗುತ್ತಾರೆ. ಊರಲ್ಲಿದ್ದ ದಿನ ಹಲಗೆ ಎತ್ತುವುದು ನಾನು. ಯಾವಾಗ ಇಳಿಸಬೇಕು ಅನ್ನುವುದನ್ನು ಅವರೇ ಹೇಳುತ್ತಾರೆ.