ಮರಳಗಾಲದ ಕಲ್ಲು, ನ್ಹಾವಾ ಶೇವಾದ ಪೆಟ್ಟಿಗೆ

2020ರ ಫೆಬ್ರವರಿಯ ಒಂದು ಸಂಜೆ ನಾನು ನನ್ನ ಚಿಕ್ಕಪ್ಪನಿಗೆ ಫೋನಿನಲ್ಲಿ ಒಂದು ಸಲಹೆ ಕೊಟ್ಟೆ. ಆ ಸಲಹೆಯ ಬಡ್ಡಿಯನ್ನು ಅವರು ನಾಲ್ಕು ವರ್ಷಕ್ಕೂ ಮಿಗಿಲಾಗಿ ಕಟ್ಟಿದರು. ಈ ಬರಹ ಆ ಲೆಕ್ಕವನ್ನು ಒಪ್ಪಿಸುವ ಒಂದು ಪ್ರಯತ್ನ.

ನನ್ನ ಊರು ಶ್ರೀರಂಗಪಟ್ಟಣ ತಾಲ್ಲೂಕಿನದು. ಕರಾವಳಿ ಮತ್ತು ಉತ್ತರ ಕರ್ನಾಟಕದವರೇ ಹೆಚ್ಚಾಗಿರುವ ಡೊಂಬಿವಲಿಯ ಕನ್ನಡಿಗರ ನಡುವೆ ಮಂಡ್ಯದ ಕಡೆಯವರು ವಿರಳ. ಕೇಂದ್ರ ಸರಕಾರದ ಸುಂಕ ಇಲಾಖೆಯ ನೌಕರಿ ನನ್ನನ್ನು ಇಲ್ಲಿಗೆ ತಂದಿತು. ಊರಿನಲ್ಲಿ ಚಿಕ್ಕಪ್ಪನಿಗೆ ನಾಲೆಯ ನೀರು ಹತ್ತದ ಎರಡು ಎಕರೆ ಹೊಲವಿದೆ. ಬಾಲ್ಯದಲ್ಲಿ ನಾವು ಅಲ್ಲಿ ಕಾಗೆಬಂಗಾರದ ಹಾಳೆಗಳನ್ನು ಆರಿಸಿ ಪುಸ್ತಕದ ನಡುವೆ ಇಟ್ಟುಕೊಳ್ಳುತ್ತಿದ್ದೆವು. ಮಗಳ ಮದುವೆಗೆಂದು ಚಿಕ್ಕಪ್ಪ ಆ ಹೊಲವನ್ನು ಮಾರಲು ನಿಶ್ಚಯಿಸಿದ್ದರು. ಮೈಸೂರಿನ ಒಬ್ಬರು ಮುಂಗಡ ಕೊಡಲೂ ಸಿದ್ಧರಿದ್ದರು.

ಅದೇ ದಿನಗಳಲ್ಲಿ ಪತ್ರಿಕೆಗಳಲ್ಲಿ ಸುದ್ದಿ ಬಂತು. ಪರಮಾಣು ಖನಿಜಗಳ ನಿರ್ದೇಶನಾಲಯದವರು ಮಂಡ್ಯ ಜಿಲ್ಲೆಯ ಮರಳಗಾಲ–ಅಲ್ಲಾಪಟ್ಟಣ ಪ್ರದೇಶದಲ್ಲಿ ಲಿಥಿಯಂ ಪತ್ತೆ ಮಾಡಿದ್ದಾರೆ, ಅಂದಾಜು 14,100 ಟನ್ ಇರಬಹುದು ಎಂದು. ನಮ್ಮ ಹೊಲ ಅಲ್ಲಿಂದ ಕೆಲವೇ ಮೈಲಿ ದೂರ. ವಿದ್ಯುತ್ ವಾಹನಗಳ ಕಾಲ ಬರುತ್ತಿದೆ, ಲಿಥಿಯಂ ಎಂದರೆ ಬಿಳಿಯ ಚಿನ್ನ ಎಂದೆಲ್ಲ ಓದಿಕೊಂಡಿದ್ದ ನಾನು ಉತ್ಸಾಹದಿಂದ ಹೇಳಿದೆ: “ಚಿಕ್ಕಪ್ಪ, ಸದ್ಯಕ್ಕೆ ಮಾರಬೇಡಿ. ಎರಡು ವರ್ಷ ತಡೆಯಿರಿ.”

“ಓದಿರೋನು ಕಣಪ್ಪಾ ನೀನು. ನೀನು ಹೇಳಿದ ಮೇಲೆ ಮುಗೀತು” ಎಂದರು ಅವರು.

ಮದುವೆ ಲಾಕ್‌ಡೌನಿನ ನಡುವೆ ಮನೆಯಂಗಳದಲ್ಲೇ ನಡೆಯಿತು. ಆದರೂ ಒಡವೆ, ಬಟ್ಟೆ, ಕೊಡುವ ಬಿಡುವ ಶಾಸ್ತ್ರಗಳು ತಪ್ಪಲಿಲ್ಲ. ಚಿಕ್ಕಮ್ಮನ ಅವಲಕ್ಕಿ ಸರ ಗಿರವಿಗೆ ಹೋಯಿತು. ಮೈಸೂರಿನವರು ಬೇರೆ ಕಡೆ ಜಮೀನು ಕೊಂಡರು. ಮರುವರ್ಷ ಸಂಸತ್ತಿನಲ್ಲಿ ಸರಕಾರ ಕೊಟ್ಟ ಅಂಕಿ 14,100 ಅಲ್ಲ, 1,600 ಟನ್. ಮೊದಲಿನದು ವಿಜ್ಞಾನಿಗಳು ಒಂದು ಲೇಖನದಲ್ಲಿ ಮುಂದಿಟ್ಟ ಅಂದಾಜು. ಎರಡನೆಯದು ನೆಲದಡಿ ಸೀಮಿತವಾಗಿ ಶೋಧಿಸಿದ ಮೇಲೆ ಹೇಳಿದ್ದು, ಅದೂ ಇನ್ನೂ ಊಹೆಯ ದರ್ಜೆಯದೇ. ನಾನು ಆ ಸುದ್ದಿಯನ್ನು ಓದಿದೆ. ಚಿಕ್ಕಪ್ಪನಿಗೆ ಮಾತ್ರ ಹೇಳಲಿಲ್ಲ.

ಮಾನಸಗಂಗೋತ್ರಿಯಲ್ಲಿ ಇಂಗ್ಲಿಷ್ ಎಂ.ಎ. ಮಾಡುವಾಗ ಜೋಸೆಫ್ ಕಾನ್ರಾಡನ ‘ನಾಸ್ಟ್ರೋಮೊ’ ಓದಿದ್ದೆ. ದಕ್ಷಿಣ ಅಮೆರಿಕದ ಒಂದು ಕಲ್ಪಿತ ದೇಶ, ಅಲ್ಲೊಂದು ಬೆಳ್ಳಿಯ ಗಣಿ; ಆ ಬೆಳ್ಳಿ ತನ್ನ ಸುತ್ತಲಿನ ಸಜ್ಜನರ ಬುದ್ಧಿಯನ್ನೂ ಹೇಗೆ ಆವರಿಸಿಕೊಳ್ಳುತ್ತದೆ ಎಂಬುದು 1904ರ ಆ ಕಾದಂಬರಿಯ ವಸ್ತು. ಪರೀಕ್ಷೆಯಲ್ಲಿ ಅದರ ಬಗ್ಗೆ ಪುಟಗಟ್ಟಲೆ ಬರೆದಿದ್ದ ನನಗೆ, ಕಾಣದ ಖನಿಜವೊಂದು ನನ್ನ ಬುದ್ಧಿಯನ್ನೇ ಆವರಿಸಿದಾಗ ಗುರುತು ಹತ್ತಲಿಲ್ಲ.

ಗುರುತು ಹತ್ತಿದ್ದು ಕಚೇರಿಯ ಕಾಗದಗಳಲ್ಲಿ. ಡೊಂಬಿವಲಿಯಿಂದ ಥಾಣೆ, ಥಾಣೆಯಿಂದ ಟ್ರಾನ್ಸ್-ಹಾರ್ಬರ್ ಗಾಡಿಯಲ್ಲಿ ನೆರೂಳ್, ಅಲ್ಲಿಂದ ನ್ಹಾವಾ ಶೇವಾ ಬಂದರು: ಇದು ನನ್ನ ದಿನನಿತ್ಯದ ದಾರಿ. 2024ರ ಜನವರಿಯಲ್ಲಿ ಉರಣದವರೆಗೆ ರೈಲು ಬಂದ ಮೇಲೆ ಅದು ಸ್ವಲ್ಪ ಸುಲಭವಾಗಿದೆ. ಸುಂಕದ ಪಟ್ಟಿಯಲ್ಲಿ 8507 60 ಎಂಬ ಸಂಖ್ಯೆಯಿದೆ. ಅದು ಲಿಥಿಯಂ-ಅಯಾನ್ ಬ್ಯಾಟರಿಗಳದು. ಪೆಟ್ಟಿಗೆಗಳ ಮೇಲೆ ಕಪ್ಪು ಬಿಳಿ ಪಟ್ಟೆಗಳ ‘ಒಂಬತ್ತನೇ ವರ್ಗದ ಅಪಾಯಕಾರಿ ಸರಕು’ ಎಂಬ ಚೀಟಿ ಇರುತ್ತದೆ. ನವಿ ಮುಂಬಯಿಯ ವಿದ್ಯುತ್ ಬಸ್ಸಾಗಲಿ, ಕಲ್ಯಾಣದಲ್ಲಿ ಊಟದ ಡಬ್ಬಿ ಹೊತ್ತು ಓಡುವ ಹುಡುಗರ ಸ್ಕೂಟರಾಗಲಿ, ನಮ್ಮ ಜೇಬಿನ ಮೊಬೈಲಾಗಲಿ ಇಂಥ ಬ್ಯಾಟರಿಗಳಿಂದಲೇ ನಡೆಯುವುದು. ಕಾಗದದಲ್ಲಿ ‘ಮೂಲ ದೇಶ’ ಎಂಬ ಅಂಕಣವೊಂದಿದೆ. ಅಲ್ಲಿ ಮತ್ತೆ ಮತ್ತೆ ಕಾಣುವ ಹೆಸರು ಚೀನಾ.

ಇಲ್ಲಿಯೇ ನನ್ನ ಪ್ರಶ್ನೆ ಹುಟ್ಟಿತು. ಲಿಥಿಯಂ ಹೇರಳವಾಗಿರುವುದು ಚಿಲಿಯಲ್ಲಿ, ಆಸ್ಟ್ರೇಲಿಯಾದಲ್ಲಿ. ಹಾಗಿದ್ದರೆ ಪೆಟ್ಟಿಗೆಗಳೇಕೆ ಚೀನಾದಿಂದ ಬರುತ್ತವೆ?

ಚಿಲಿಯ ಅಟಕಾಮಾ ಮರುಭೂಮಿಗೆ ನಿಸರ್ಗ ಕೊಟ್ಟಷ್ಟು ಅನುಕೂಲ ಇನ್ನೊಂದು ನೆಲಕ್ಕೆ ಸಿಕ್ಕಿರಲಾರದು. ಅಲ್ಲಿ ಉಪ್ಪಿನ ಬಯಲಿನ ಅಡಿಯ ನೀರಿನಲ್ಲೇ ಲಿಥಿಯಂ ಕರಗಿದೆ. ಅದನ್ನು ಮೇಲೆತ್ತಿ ವಿಶಾಲವಾದ ಮಡಿಗಳಲ್ಲಿ ನಿಲ್ಲಿಸಿದರೆ, ವರ್ಷ ಒಂದೂವರೆ ವರ್ಷದಲ್ಲಿ ಬಿಸಿಲೇ ಬಹುಪಾಲು ಕೆಲಸ ಮುಗಿಸುತ್ತದೆ. ಖರ್ಚು ಕಡಿಮೆ. ಚಿಲಿಯ ಬಳಿ ಸುಮಾರು 93 ಲಕ್ಷ ಟನ್ ನಿಕ್ಷೇಪವಿದೆ. ಜಗತ್ತಿನಲ್ಲಿ ಅದೇ ಹೆಚ್ಚು. ಆದರೂ ಕಳೆದ ದಶಕದ ಕೊನೆಯಲ್ಲಿ ಉತ್ಪಾದನೆಯ ಮೊದಲ ಸ್ಥಾನ ಆಸ್ಟ್ರೇಲಿಯಾಕ್ಕೆ ಹೋಯಿತು. ಚಿಲಿ 1979ರಲ್ಲೇ ಲಿಥಿಯಂ ಅನ್ನು ರಾಷ್ಟ್ರೀಯ ಮಹತ್ವದ ಖನಿಜವೆಂದು ಸಾರಿ, ಸಾಮಾನ್ಯ ಗಣಿಗುತ್ತಿಗೆಯಿಂದ ಹೊರಗಿಟ್ಟಿತ್ತು. ಸರಕಾರದೊಡನೆ ಒಪ್ಪಂದವಿದ್ದ ಎರಡು ಕಂಪನಿಗಳು ಮಾತ್ರ ಅಟಕಾಮಾದಲ್ಲಿ ನಿಗದಿತ ಮಿತಿಯೊಳಗೆ ತೆಗೆಯುತ್ತಿದ್ದವು. ಬಿಸಿಲಿನ ಮಡಿಗಳನ್ನು ಅವಸರಪಡಿಸುವಂತೆಯೂ ಇರಲಿಲ್ಲ. ಅಲ್ಲಿನ ಮೂಲನಿವಾಸಿಗಳು ನೀರಿನ ಬಗ್ಗೆ ಎತ್ತಿದ ಪ್ರಶ್ನೆಯನ್ನು ಬದಿಗೆ ಸರಿಸುವಂತೆಯೂ ಇರಲಿಲ್ಲ. ಕಾವೇರಿಯ ದಡದಲ್ಲಿ ಹುಟ್ಟಿದವನಿಗೆ ಆ ಪ್ರಶ್ನೆಯ ತೂಕ ತಿಳಿಯುತ್ತದೆ.

ಆಸ್ಟ್ರೇಲಿಯಾದಲ್ಲಿರುವುದು ಕಲ್ಲು, ಸ್ಪಾಡುಮೀನ್ ಎಂಬ ಖನಿಜ. ಅಗೆದು, ಒಡೆದು, ಸಾಂದ್ರಗೊಳಿಸಿ ಬೇಗನೆ ಹಡಗಿಗೆ ಹಾಕಬಹುದು. ಆದರೆ ಆ ಪುಡಿಯಲ್ಲಿ ಲಿಥಿಯಂ ಆಕ್ಸೈಡಿನ ಅಂಶ ಶೇ. 6ರಷ್ಟು ಮಾತ್ರ. ಅದನ್ನು ಸಾವಿರ ಡಿಗ್ರಿಗೂ ಮೀರಿದ ಶಾಖದಲ್ಲಿ ಹುರಿದು, ಗಂಧಕಾಮ್ಲದಲ್ಲಿ ಬೇಯಿಸಿ, ಬ್ಯಾಟರಿಗೆ ತಕ್ಕಷ್ಟು ಶುದ್ಧಗೊಳಿಸಬೇಕು. ಈ ಕೆಲಸದ ಬಹುಭಾಗ ನಡೆಯುವುದು ಚೀನಾದಲ್ಲಿ. ಜಗತ್ತಿನ ಲಿಥಿಯಂ ಶುದ್ಧೀಕರಣದ ಅರ್ಧಕ್ಕಿಂತ ಹೆಚ್ಚು ಪಾಲು ಅಲ್ಲಿಯದು. ಕುಲುಮೆ, ಆಮ್ಲ, ವಿದ್ಯುತ್ತು, ಪಳಗಿದ ಕೈಗಳು ಮತ್ತು ಪಕ್ಕದಲ್ಲೇ ಕೊಳ್ಳುವ ಬ್ಯಾಟರಿ ಕಾರ್ಖಾನೆ, ಎಲ್ಲವೂ ಅಲ್ಲಿ ಒಟ್ಟಿಗಿವೆ. 2022ರ ನವೆಂಬರಿನಲ್ಲಿ ಟನ್ನಿಗೆ ಆರು ಲಕ್ಷ ಯುವಾನಿನ ಸಮೀಪಕ್ಕೆ ಏರಿದ್ದ ಲಿಥಿಯಂ ಕಾರ್ಬೋನೇಟ್ ಬೆಲೆ 2023ರ ಕೊನೆಗೆ ಒಂದು ಲಕ್ಷದ ಆಸುಪಾಸಿಗೆ ಕುಸಿಯಿತು. ಆಗ ಆಸ್ಟ್ರೇಲಿಯಾದಲ್ಲಿಯೂ ಕೆಲವು ಗಣಿಗಳು ಕೆಲಸ ನಿಲ್ಲಿಸಿದವು.

ನಮ್ಮ ಕಥೆ ಈ ಬೆಳಕಿನಲ್ಲಿ ಬೇರೆಯಾಗಿಯೇ ಕಾಣುತ್ತದೆ. 2023ರಲ್ಲಿ ಜಮ್ಮು-ಕಾಶ್ಮೀರದ ರಿಯಾಸಿಯಲ್ಲಿ 59 ಲಕ್ಷ ಟನ್ ಎಂದು ದೇಶವೇ ಸಂಭ್ರಮಿಸಿತು. ಅದು ಅದಿರಿನ ತೂಕ, ಲೋಹದ್ದಲ್ಲ. ಸಾಕಷ್ಟು ಬಿಡ್ಡುದಾರರಿಲ್ಲದೆ ಆ ಗಣಿಯ ಹರಾಜು ಎರಡು ಬಾರಿ ರದ್ದಾಯಿತು. 2024ರ ಜನವರಿಯಲ್ಲಿ ನಮ್ಮ ಸಾರ್ವಜನಿಕ ಉದ್ಯಮಗಳ ಕೂಟವಾದ ‘ಕಾಬಿಲ್’ ಅರ್ಜೆಂಟೀನಾದ ಕಟಮಾರ್ಕಾ ಪ್ರಾಂತ್ಯದಲ್ಲಿ ಐದು ಪ್ರದೇಶಗಳ ಶೋಧನೆಗೆ ಒಪ್ಪಂದ ಮಾಡಿಕೊಂಡಿತು. ಅದೇ ವರ್ಷದ ಜುಲೈ ಬಜೆಟ್ಟಿನಲ್ಲಿ ಲಿಥಿಯಂ ಸೇರಿದಂತೆ 25 ಖನಿಜಗಳ ಆಮದು ಸುಂಕವನ್ನು ತೆಗೆಯಲಾಯಿತು. ಸುಂಕದವನಾಗಿ ನನಗೆ ಸಂತೋಷವೇ. ಆದರೆ ಖನಿಜಕ್ಕೆ ಬಾಗಿಲು ತೆರೆದರಷ್ಟೇ ಸಾಲದು. ಬಂದದ್ದನ್ನು ಹುರಿಯುವ ಕುಲುಮೆ ಬೇಕು. ಅದು ದೊಡ್ಡ ಪ್ರಮಾಣದಲ್ಲಿ ನಮ್ಮಲ್ಲಿಲ್ಲದ್ದರಿಂದಲೇ ಪಟ್ಟೆಪಟ್ಟೆಯ ಚೀಟಿಯ ಪೆಟ್ಟಿಗೆಗಳು ಬರುತ್ತಲೇ ಇವೆ.

ಆ ಜುಲೈನಲ್ಲೇ ಸಂಸತ್ತಿನಲ್ಲಿ ಮಂಡ್ಯದ 1,600 ಟನ್ನಿನ ಪ್ರಸ್ತಾಪ ಮತ್ತೆ ಬಂತು. ಟೀವಿಯವರು ಹೊಸ ಶೋಧವೆಂಬಂತೆ ಬಿತ್ತರಿಸಿದರು. ಮರುದಿನ ಚಿಕ್ಕಪ್ಪನ ಫೋನು: “ಬಂತಲ್ಲಪ್ಪಾ ಕೊನೆಗೂ! ಇನ್ನೆಷ್ಟು ದಿನ ತಡೀಬೇಕು?”

ಆ ರಾತ್ರಿ ಲೆಕ್ಕ ಹಾಕಿದೆ. ಜಗತ್ತು ಒಂದು ವರ್ಷಕ್ಕೆ ತೆಗೆಯುವ ಲಿಥಿಯಂ ಈಗ ಎರಡು ಲಕ್ಷ ಟನ್ನಿಗೂ ಹೆಚ್ಚು. ಮಂಡ್ಯದ 1,600 ಟನ್ ಪೂರ್ತಿ ಲೋಹವೇ ಎಂದಿಟ್ಟುಕೊಂಡು, ಒಂದು ಚೂರೂ ಬಿಡದೆ ತೆಗೆದರೂ, ಅದು ಜಗತ್ತಿನ ಮೂರು ದಿನದ ಗಣಿಗಾರಿಕೆಗೂ ಸಮವಲ್ಲ. ಅಷ್ಟಕ್ಕಾಗಿ ಕುಲುಮೆ ಕಟ್ಟುವವರು ಯಾರು? ಮೇಲಾಗಿ, 2023ರ ತಿದ್ದುಪಡಿಯ ನಂತರ ಲಿಥಿಯಂ ಗಣಿಯನ್ನು ಹರಾಜು ಹಾಕುವ ಅಧಿಕಾರ ಕೇಂದ್ರ ಸರಕಾರದ್ದು. ಎರಡು ಎಕರೆಯ ಒಡೆಯ ಅಲ್ಲಿ ಚೌಕಾಸಿಗೆ ಕೂರುವವನೂ ಅಲ್ಲ.

ಮಾರನೆಯ ಬೆಳಿಗ್ಗೆ ಥಾಣೆ ನಿಲ್ದಾಣದ ಗದ್ದಲದಿಂದ ಸ್ವಲ್ಪ ದೂರ ನಿಂತು ಎಲ್ಲವನ್ನೂ ಹೇಳಿದೆ. 2021ರಲ್ಲೇ ಗೊತ್ತಿದ್ದೂ ಹೇಳಲಿಲ್ಲವೆಂಬುದನ್ನೂ ಮುಚ್ಚಿಡಲಿಲ್ಲ. ಅವರು ಬಹಳ ಹೊತ್ತು ಸುಮ್ಮನಿದ್ದರು.

“ಕಲ್ಲನ್ನ ನಂಬಿ ಕಾದೋನಲ್ಲ ಕಣಪ್ಪಾ ನಾನು. ನಿನ್ನ ಮಾತು ನಂಬಿ ಕಾದೆ. ಆಗ್ಲೇ ಹೇಳಿದ್ರೆ ನಿನ್ನ ಚಿಕ್ಕಮ್ಮನ ಸರನಾದ್ರೂ ಬಿಡಿಸ್ಕೊತಿದ್ದೆ” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಹಗುರವಾಗುತ್ತಿತ್ತು.

ದೇಶವೊಂದು ತನ್ನ ಕಲ್ಲಿನ ತೂಕವನ್ನು ಹೆಚ್ಚಾಗಿ ಎಣಿಸಿಕೊಂಡರೆ ಹರಾಜು ರದ್ದಾಗುತ್ತದೆ, ಮತ್ತೊಮ್ಮೆ ಕರೆಯಬಹುದು. ಓದಿದವನೊಬ್ಬ ಹಾಗೆ ಎಣಿಸಿ ಮನೆಯವರಿಗೆ ಹೇಳಿದರೆ ಬಡ್ಡಿ ಬೆಳೆಯುತ್ತದೆ. ಆ ದೀಪಾವಳಿಗೆ ಊರಿಗೆ ಹೋದಾಗ ಸರ ಬಿಡಿಸಿ ಚಿಕ್ಕಮ್ಮನ ಕೈಗಿತ್ತೆ. ಅವರು ಅದನ್ನು ಸೆರಗಿನಲ್ಲಿ ಒರೆಸಿ ದೇವರ ಮುಂದಿಟ್ಟು, “ಊಟಕ್ಕೆ ಏಳು” ಎಂದರು. ಹೊಲವನ್ನು ಚಿಕ್ಕಪ್ಪ ಇನ್ನೂ ಮಾರಿಲ್ಲ. ಮಾರಬೇಕೋ ಬೇಡವೋ ಎಂದು ನನ್ನನ್ನು ಕೇಳಲೂ ಇಲ್ಲ. ಈ ಸಲ ಹುರುಳಿ ಬಿತ್ತಿದ್ದಾರೆ.